ಸ್ಟೋಮಾ ಪಕ್ಕದಾಗ ಹರ್ನಿಯಾ ಆಗೈತಿ, ಯಾವ ಬೆಲ್ಟ್, ಯಾವ ಅಳತಿ?

ಘಟಪ್ರಭಾ_ದಂಡಿ:

ಎಲ್ಲಾರಿಗೂ ನಮಸ್ಕಾರ್ರೀ. ನಾವು ಮುಧೋಳ ಕಡೆಯವರು. ನಮ್ಮ ಮಾವಾರಿಗೆ ಗುದನಾಳದ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿ ಎಡಗಡೆ ಕಾಯಂ ಕೊಲಾಸ್ಟಮಿ ಮಾಡ್ಯಾರ, ಅಂದ್ರ ದೊಡ್ಡ ಕರುಳಿನ ತುದಿ ಹೊಟ್ಟಿ ಮ್ಯಾಲೆ ತಂದಾರ, ಆ ಬಾಯಿಗೆ ಸ್ಟೋಮಾ ಅಂತಾರ, ಮಲ ಅದಕ್ಕ ಅಂಟಿಸಿದ ಚೀಲಕ್ಕ ಬೀಳತೈತಿ. ಈಗ ಆರಾಮ ಅದಾರ, ಚೀಲ ತಾವೇ ಬದಲ ಮಾಡ್ಕೋತಾರ. ಆದ್ರ ಕಬ್ಬಿನ ಹೊಲಕ್ಕ ಹೋಗಾಕ ಶುರು ಮಾಡಿದ ಮ್ಯಾಲೆ ಚೀಲದ ಸುತ್ತ ಹೊಟ್ಟಿ ಉಬ್ಬೈತಿ. ಮಕ್ಕೊಂಡ್ರ ಒಳಗ ಹೋಗತೈತಿ, ಎದ್ದು ನಿಂತ್ರ, ಕೆಮ್ಮಿದ್ರ ಮತ್ತ ಹೊರಗ. ಡಾಕ್ಟರು ನೋಡಿ, ಸ್ಟೋಮಾ ಪಕ್ಕದ ಹರ್ನಿಯಾ, ಸದ್ಯಕ್ಕ ಆಪರೇಷನ್ ಬ್ಯಾಡ, ಬೆಲ್ಟ್ ಹಾಕ್ರಿ ಅಂದ್ರು. ಚೀಟ್ಯಾಗ ಬರೇ ‘ಹರ್ನಿಯಾ ಬೆಲ್ಟ್’ ಅಂತ ಬರದಾರ.

ಒಂದು ಮೆಡಿಕಲ್ ಅಂಗಡ್ಯಾಗ ಮಾವಾರನ್ನ ನಿಲ್ಲಿಸಿ, ಅಂಗಿ ಮ್ಯಾಲೇ ಟೇಪ್ ಹಿಡದು, ಎಕ್ಸೆಲ್ ಸೈಜ್ ಅಂತ ಒಂದು ಅಗಲ ಪಟ್ಟಿ ಕೊಟ್ಟು ಕಳಿಸಿದ್ರು. ಅದಕ್ಕ ತೂತೇ ಇಲ್ಲ! ಹಾಕ್ಕೊಂಡ್ರ ಚೀಲ ಅದರ ಕೆಳಗ ಅಮುಕಿ, ಮಲ ಕೆಳಗ ಇಳೀಲಾರದ ಸ್ಟೋಮಾ ಸುತ್ತನೇ ಹರಡಿ, ಚರ್ಮಕ್ಕ ಅಂಟಿಸೋ ಪ್ಲೇಟ್ ಬಿಟ್ಟ ಬರಾಕತ್ತೈತಿ. “ಉಬ್ಬಿದ್ರ ಉಬ್ಬಲಿ ಬಿಡವಾ, ಇದು ನನಗ ಒಗ್ಗೂದಿಲ್ಲ” ಅಂತ ಮಾವಾರು ಅದನ್ನ ಗೂಟಕ್ಕ ಹಾಕ್ಯಾರ. ಅನುಭವ ಇದ್ದವರು ದಾರಿ ಹೇಳ್ರಿ.

ಗೋಳಗುಮ್ಮಟ_ಕಾಕಾ:

ತಂಗೀ, ಆ ಪಟ್ಟಿ ವಾಪಸ್ ಕೊಡು. ತಗೋಳಂಗಿಲ್ಲ ಅಂದ್ರ ಓಣ್ಯಾಗ ಬಾಣಂತಿ ಯಾರರೆ ಇದ್ರ ಅವರಿಗೆ ಕೊಡು, ಅದು ಅವರ ಸಾಮಾನು. ನನಗೂ ಎಡಗಡೆ ಕೊಲಾಸ್ಟಮಿ ಅದ, ಹರ್ನಿಯಾನೂ ಅದ. ಬೆಲ್ಟ್ ಹಾಕ್ಕೊಂಡೇ ದಿನಾ ಮುಂಜಾನೆ ಗುಮ್ಮಟದ ತನಕಾ ಅಡ್ಡಾಡಿ ಬರ್ತೀನಿ.

ಅಂಗಡ್ಯಾಗ ಬೆಲ್ಟ್ ಅಂದ್ರ ಮೂರು ಥರದ್ದು ತಂದು ಮುಂದ ಇಡ್ತಾರ. ಒಂದು, ಎರಡು ಬೆರಳಗಲದ ಎಲಾಸ್ಟಿಕ್, ತುದೀಗೆ ಕೊಕ್ಕಿ ಇರ್ತಾವ. ಅದನ್ನ ಚೀಲದ ಕಿವಿಗೆ ಸಿಗಿಸೋದು. ಚೀಲ ಹಿಡೀತದ, ಹರ್ನಿಯಾ ಹಿಡಿಯಂಗಿಲ್ಲ. ಎರಡನೇದು ನಿಮಗ ಕೊಟ್ಟದ್ದು. ಮೂರನೇದು ತೊಡೆಸಂದಿ ಇಲ್ಲಾ ಹೊಕ್ಕಳದ ಹರ್ನಿಯಾಕ್ಕ ಹಾಕೋದು, ಒಳಗ ಗಟ್ಟಿ ದಿಂಡು ಇರ್ತದ. ಅದನ್ನ ಸ್ಟೋಮಾ ಮ್ಯಾಲೆ ಕಟ್ಟಿದ್ರ ಕೇಡು, ಮುಟ್ಟಬ್ಯಾಡ್ರಿ.

ನಮ್ಮಂಥವರಿಗೆ ಬೇಕಾದದ್ದು ಬ್ಯಾರೇನೇ ಅದ. ಅಗಲ ಪಟ್ಟಿ, ಅದರಾಗ ಚೀಲ ಹೊರಗ ಬರಾಕ ದುಂಡನ ತೂತು, ತೂತಿನ ಸುತ್ತ ಹೊಲದು ಗಟ್ಟಿ ಮಾಡಿದ ಅಂಚು. ಕೇಳೋವಾಗ ‘ಪ್ಯಾರಾಸ್ಟೋಮಲ್ ಹರ್ನಿಯಾ ಬೆಲ್ಟ್, ಚೀಲಕ್ಕ ತೂತು ಇದ್ದದ್ದು’ ಅಂತ ಪೂರಾ ಹೇಳ್ರಿ. ಅರ್ಧ ಹೇಳಿದ್ರ ಅರ್ಧದ್ದೇ ಕೊಡ್ತಾರ.

ಗೋಕಾಕ_ಕರದಂಟು:

ಕಾಕಾರ ಹೇಳಿದ್ದು ಖರೆ. ಆನ್‌ಲೈನ್‌ನ್ಯಾಗ ತಗೊಳ್ಳೋರಿಗೆ ಇನ್ನೊಂದು ಮಾತು. ಫೋಟೋದಾಗ ತೂತು ನಡುವ ಇರತೈತಿ, ಚಂದ ಕಾಣತೈತಿ. ಆದ್ರ ನಿಮ್ಮ ಸ್ಟೋಮಾ ಪಟ್ಟಿ ನಡುವ ಬರತೈತೇನು? ನನಗ ಬಲಗಡೆ ಇಲಿಯಾಸ್ಟಮಿ (ಸಣ್ಣ ಕರುಳಿನ ಸ್ಟೋಮಾ), ಸ್ವಲ್ಪ ಕೆಳಗ ಐತಿ. ನಡು ತೂತಿನ ಬೆಲ್ಟ್ ಹಾಕಿದ್ರ ಕೆಳಗಿನ ಅಂಚು ತೊಡಿ ಮ್ಯಾಲೆ ಬರತಿತ್ತು, ಕುಂತಾಗೆಲ್ಲ ಮ್ಯಾಲೆ ಜಗ್ಗತಿತ್ತು. ಆಮ್ಯಾಲೆ ತೂತು ಕೆಳಗಿನ ಅಂಚಿಗೆ ಹತ್ರ ಇರೋದು ಮಾಡಿಸಿಕೊಂಡೆ. ಎಡ-ಬಲ, ಮ್ಯಾಲೆ-ಕೆಳಗ ಕೇಳಲಾರದ ಮಾರೋರ ಹತ್ರ ತಗೋಬ್ಯಾಡ್ರಿ.

ಊರ_ಹಿರಿಯ:

ಬೆಲ್ಟು ಗಿಲ್ಟು ಯಾಕ್ರೀ? ನಮ್ಮ ಕಡೆ ಹೊಟ್ಟಿ ತಿಕ್ಕೋರು ಅದಾರ. ಹರಳೆಣ್ಣಿ ಹಚ್ಚಿ ನಾಕು ಸಲ ತಿಕ್ಕಿದ್ರ ಕರುಳು ತನ್ನ ಜಾಗಕ್ಕ ಹೋಗಿ ಕೂಡತೈತಿ. ಅಮಾಸಿಗೊಮ್ಮಿ ಕರಕೊಂಡ ಬರ್ರಿ.

ಸ್ಟೋಮಾ_ಸಿಸ್ಟರ್_ಬೆಳಗಾವಿ:

ಹಿರಿಯರೆ, ಕೈ ಮುಗಿದು ಹೇಳ್ತೀನಿ, ತಿಕ್ಕಿಸುವ ಮಾತು ಬೇಡ. ಇದು ಜಾಗ ತಪ್ಪಿದ ಕರುಳಲ್ಲ. ಸ್ಟೋಮಾ ಮಾಡುವಾಗ ಹೊಟ್ಟೆಯ ಸ್ನಾಯುವಿನಲ್ಲಿ ಒಂದು ಕಿಂಡಿ ಮಾಡಿ, ಅದರೊಳಗಿಂದ ಕರುಳಿನ ತುದಿಯನ್ನು ಹೊರಗೆ ತಂದಿರುತ್ತಾರೆ. ಕೆಮ್ಮು, ಭಾರ ಎತ್ತುವುದು, ತಿಣುಕುವುದು, ಬೊಜ್ಜು, ವಯಸ್ಸು ಎಲ್ಲ ಸೇರಿ ಆ ಕಿಂಡಿ ಹಿಗ್ಗುತ್ತದೆ. ಹಿಗ್ಗಿದ ಸಂದಿಯಿಂದ ಒಳಗಿನ ಕರುಳಿನ ಇನ್ನೊಂದು ಸುರುಳಿ ಚರ್ಮದ ಕೆಳಗೆ ನುಗ್ಗುತ್ತದೆ. ಎಣ್ಣೆ ಹಚ್ಚಿ ಒತ್ತಿದರೆ ಕಿಂಡಿ ಮುಚ್ಚುವುದಿಲ್ಲ, ಒಳಗೆ ಸಿಕ್ಕಿಕೊಂಡ ಕರುಳಿಗೆ ಪೆಟ್ಟಾಗಬಹುದು. ಎಣ್ಣೆ ಕುಡಿದ ಚರ್ಮಕ್ಕೆ ಪ್ಲೇಟ್ ಅಂಟುವುದೂ ಇಲ್ಲ.

ಬೆಲ್ಟ್ ಕೂಡ ಕಿಂಡಿ ಮುಚ್ಚುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡು ಕೊಳ್ಳಿ. ಹೊರಗಿನಿಂದ ಆಸರೆ ಕೊಡುತ್ತದೆ, ಜಗ್ಗಿದಂಥ ನೋವು ಕಡಿಮೆ ಮಾಡುತ್ತದೆ, ಉಬ್ಬು ತಗ್ಗಿದ್ದರಿಂದ ಪ್ಲೇಟ್ ಚರ್ಮದ ಮೇಲೆ ಸಮನಾಗಿ ಕೂರುತ್ತದೆ. ಅಷ್ಟು ಸಿಕ್ಕರೆ ದಿನ ಸುಸೂತ್ರವಾಗಿ ಕಳೆಯುತ್ತದೆ.

ಘಟಪ್ರಭಾ ದಂಡಿಯವರೆ, ನಿಮ್ಮ ಮಾವನವರಿಗೆ ಬೆಲ್ಟ್ ಒಗ್ಗುವುದಿಲ್ಲ ಅಂತಲ್ಲ, ಅಳತೆ ತೆಗೆದ ರೀತಿಯೇ ಸರಿಯಿಲ್ಲ. ನಿಂತಾಗ ಕರುಳು ಹೊರಗೆ ಬಂದಿರುತ್ತದೆ. ಆಗ ಅಳೆದರೆ ನೀವು ಹರ್ನಿಯಾವನ್ನೂ ಸೇರಿಸಿ ಅಳೆದ ಹಾಗೆ. ಆ ಅಳತೆಯ ಬೆಲ್ಟ್ ಹರ್ನಿಯಾಕ್ಕೆ ಜಾಗ ಕೊಡುತ್ತದೆಯೇ ಹೊರತು ಹಿಡಿಯುವುದಿಲ್ಲ.

ಹೀಗೆ ಮಾಡಿ. ಬೆಳಿಗ್ಗೆ ಚೀಲ ಖಾಲಿ ಮಾಡಿ, ಅಂಗಾತ ಮಲಗಿಸಿ, ಮೊಣಕಾಲು ಸ್ವಲ್ಪ ಮಡಚಿಸಿ. ಕಾಲು ಗಂಟೆ ಹಾಗೇ ಬಿಡಿ, ಉಬ್ಬು ತಾನಾಗಿ ಒಳಗೆ ಹೋಗಲಿ. ಆಮೇಲೆ ಬರಿ ಮೈ ಮೇಲೆ, ಸ್ಟೋಮಾ ಇರುವ ಮಟ್ಟದಲ್ಲೇ ಸುತ್ತಳತೆ ತೆಗೆಯಿರಿ. ಪ್ಯಾಂಟಿನ ಸೊಂಟದ ಅಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಟೇಪ್ ಮೈಗೆ ತಾಗಿರಬೇಕು, ಬಿಗಿಯಬಾರದು. ಆಮೇಲೆ ಎಬ್ಬಿಸಿ ನಿಲ್ಲಿಸಿ ಉಬ್ಬಿನ ಅಗಲ ಮತ್ತು ಎತ್ತರ ಅಳೆಯಿರಿ, ಬೆಲ್ಟ್ ಎಷ್ಟು ಅಗಲ ಬೇಕು ಅನ್ನೋದು ಇದರಿಂದ ಗೊತ್ತಾಗುತ್ತದೆ. ಕೊನೆಗೆ ಕುಳ್ಳಿರಿಸಿ ಸ್ಟೋಮಾದಿಂದ ಕೆಳಗೆ ತೊಡೆಯ ಮಡಿಕೆಗೆ ಎಷ್ಟು, ಮೇಲೆ ಪಕ್ಕೆಲುಬಿಗೆ ಎಷ್ಟು ಅಂತ ನೋಡಿ. ನಮ್ಮ ಕಡೆಯವರು ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂಡುವವರು, ಆದ್ದರಿಂದ ಹಾಗೇ ಕೂಡಿಸಿ ಅಳೆಯಿರಿ, ಕುರ್ಚಿ ಮೇಲೆ ಅಲ್ಲ.

ಇನ್ನು ತೂತು. ಇದರಲ್ಲೇ ಬಹಳ ಜನ ಎಡವೋದು. ಎರಡು ಭಾಗದ ಚೀಲ (ಪ್ಲೇಟ್ ಬೇರೆ, ಚೀಲ ಬೇರೆ) ಆದರೆ ಪ್ಲೇಟ್ ಮೇಲಿನ ಪ್ಲಾಸ್ಟಿಕ್ ಉಂಗುರದ ಹೊರ ಅಂಚಿನಿಂದ ಹೊರ ಅಂಚಿಗೆ ಸ್ಕೇಲ್ ಇಟ್ಟು ಅಳೆಯಿರಿ. ಡಬ್ಬಿಯ ಮೇಲೆ ಬರೆದ ಮಿಲಿಮೀಟರ್ ಜೋಡಣೆಯ ಅಳತೆ, ಉಂಗುರ ಅದಕ್ಕಿಂತ ದೊಡ್ಡದಿರುತ್ತದೆ. ತೂತು ಉಂಗುರಕ್ಕಿಂತ ಸ್ವಲ್ಪವೇ ದೊಡ್ಡದಿರಬೇಕು. ತೀರ ದೊಡ್ಡದಾದರೆ ಹರ್ನಿಯಾ ಆ ತೂತಿನಿಂದಲೇ ಇಣುಕುತ್ತದೆ, ಸಣ್ಣದಾದರೆ ಅಂಚು ಸ್ಟೋಮಾದ ಬುಡ ಒತ್ತುತ್ತದೆ. ಒಂದೇ ಭಾಗದ ಚೀಲ ಆದರೆ ಉಂಗುರ ಇರುವುದಿಲ್ಲ, ಆಗ ಚೀಲದ ಬಾಯಿ ಎಲ್ಲಿಯೂ ಮಡಚದೆ ತೂತಿನಿಂದ ಇಳಿಯುತ್ತದೋ ಇಲ್ಲವೋ ನೋಡಬೇಕು.

ಟೇಪು_ಕತ್ತರಿ:

ನಾನು ಬಾಗಲಕೋಟಿ ಟೇಲರ್. ನಮ್ಮ ಅಣ್ಣಗ ಚೀಲ ಇದ್ದದ್ದಕ್ಕ ಈ ಚರ್ಚೆ ಓದ್ತಾ ಇರ್ತೀನಿ. ಆ ತೂತಿಲ್ಲದ ಪಟ್ಟಿ ಹೆಂಗೂ ಮನ್ಯಾಗ ಐತೆಲ್ಲ, ಅದಕ್ಕ ತೂತು ಹೊಡದು ಹೊಲದ್ರ ಆಗೂದಿಲ್ಲೇನ್ರಿ ಸಿಸ್ಟರ್? ಬಡವರು ಸಾವಿರಗಟ್ಟಲೆ ಎಲ್ಲಿಂದ ತರಬೇಕು?

ಆದ್ರ ಕಸುಬಿನವನಾಗಿ ಒಂದು ಮಾತು ನಾನೇ ಹೇಳಬೇಕು. ಮನ್ಯಾಗ ಕತ್ತರಿ ತಗೊಂಡು ಕಚಕ್ಕನ ಕತ್ತರಿಸಬ್ಯಾಡ್ರಿ. ಅದು ಹಿಗ್ಗೋ ಬಟ್ಟಿ, ಒಳಗ ರಬ್ಬರ್ ಎಳಿ ಓಡಿರತಾವ. ಎಳಿ ಕಡದ್ರ ತೂತು ದಿನಾ ಒಂದೊಂದು ನೂಲಷ್ಟು ದೊಡ್ಡದಾಗತೈತಿ, ಅಂಚು ಸುರುಳಿ ಸುತ್ತಿ ಹಗ್ಗ ಆಗತೈತಿ. ಆ ಹಗ್ಗ ಹೊಟ್ಟಿ ಕೊರೀತೈತಿ.

ಸ್ಟೋಮಾ_ಸಿಸ್ಟರ್_ಬೆಳಗಾವಿ:

ಟೇಲರ್ ಅಣ್ಣಾರ, ನನಗಿಂತ ಚೆನ್ನಾಗಿ ಹೇಳಿದ್ರಿ. ಹೊಲಿಯಬಾರದು ಅಂತ ನಾನು ಅನ್ನುವುದಿಲ್ಲ, ಆಮದು ಬೆಲ್ಟಿನ ದುಡ್ಡು ಎಲ್ಲರ ಕೈಗೂ ಎಟುಕುವುದಲ್ಲ, ಗೊತ್ತು. ಹೊಲಿಯುವುದಾದರೆ ಮುಂದಿನ ಭಾಗ ಹಿಗ್ಗದ ಬಟ್ಟೆಯಲ್ಲಿರಲಿ, ಗಾಳಿಯಾಡುವಂಥದ್ದು. ಬೆನ್ನ ಕಡೆ ಎಲಾಸ್ಟಿಕ್ ಇರಲಿ. ತೂತಿನ ಅಂಚಿಗೆ ಮೆತ್ತನೆ ಪಟ್ಟಿ ಕೊಟ್ಟು ಹೊಲಿಯಿರಿ, ಒಳಗೆ ಗಂಟು, ಗಟ್ಟಿ ಹೊಲಿಗೆ ಬರಬಾರದು. ವೆಲ್ಕ್ರೋ ಸ್ಟೋಮಾ ಇರುವ ಬದಿ ಬೇಡ, ಎದುರು ಬದಿಗೆ ಬರಲಿ. ಹೊಲಿದ ಮೇಲೆ ಸ್ಟೋಮಾ ನರ್ಸ್ ಇಲ್ಲವೇ ಆಪರೇಷನ್ ಮಾಡಿದ ಡಾಕ್ಟರ ಎದುರು ಒಮ್ಮೆ ಹಾಕಿ ತೋರಿಸಿ. ನೋಡದೆ ಕಟ್ಟಿಕೊಂಡು ಹೊಲಕ್ಕೆ ಹೋಗುವುದು ಬೇಡ.

ಘಟಪ್ರಭಾ_ದಂಡಿ:

ಸಿಸ್ಟರ್, ಇವತ್ತ ಮುಂಜಾನೆ ನೀವು ಹೇಳಿದಂಗ ಮಾಡಿದ್ವಿ. ಮಲಗಿದಾಗ ಸ್ಟೋಮಾ ಮಟ್ಟದಾಗ ಸುತ್ತಳತಿ 36 ಇಂಚು, ನಿಂತಾಗ 39. ಮೂರು ಇಂಚು ಫರಕ್! ಉಬ್ಬು 5 ಇಂಚು ಅಗಲ, ಎತ್ತರನೂ ಹೆಚ್ಚೂಕಡಿಮಿ ಅಷ್ಟೇ. ಉಂಗುರದ ಹೊರ ಅಂಚು 68 ಮಿ.ಮೀ. ಕೆಳಗ ಕುಂತಾಗ ಪಕ್ಕೆಲುಬಿನಿಂದ ತೊಡಿ ಮಡಿಕೆ ತನಕಾ ಎಂಟು ಇಂಚು ಸಿಕ್ತು. ಆನ್‌ಲೈನ್‌ನ್ಯಾಗ 9 ಇಂಚು ಅಗಲದ್ದು ನೋಡೀನಿ, ದೊಡ್ಡದಿದ್ದಷ್ಟು ಚಲೋ ಹಿಡೀತೈತೇನೋ ಅಂತ. ಅದನ್ನ ತರಿಸಲೇನ್ರಿ?

ಸ್ಟೋಮಾ_ಸಿಸ್ಟರ್_ಬೆಳಗಾವಿ:

ಬೇಡ. ಎಂಟು ಇಂಚು ಜಾಗದಲ್ಲಿ 9 ಇಂಚಿನ ಪಟ್ಟಿ ಕೂರುವುದಿಲ್ಲ. ಮಾವನವರು ಊಟಕ್ಕೆ ಕೂತ ಕೂಡಲೇ ಮೇಲಿನ ಅಂಚು ಪಕ್ಕೆಲುಬಿಗೆ ಚುಚ್ಚುತ್ತದೆ, ಕೆಳಗಿನದು ಮಡಚಿ ಸುರುಳಿಯಾಗುತ್ತದೆ. ಉಬ್ಬು ಐದು ಇಂಚು ಇದ್ದರೆ ಸುತ್ತ ಒಂದೊಂದು ಇಂಚು ಹೆಚ್ಚಿಗೆ ಮುಚ್ಚುವ ಹಾಗೆ 7 ಇಂಚು ಸಾಕು. ಸುತ್ತಳತೆ 36ಕ್ಕೆ ಹೊಂದುವ ಸೈಜ್, ತೂತು 70ರಿಂದ 75 ಮಿ.ಮೀ. ಒಳಗೆ. ಸ್ಟೋಮಾ ಎಡಗಡೆ ಅಂತ ಬರೆಯಿರಿ, ಪಕ್ಕೆಲುಬು ಮತ್ತು ತೊಡೆಯ ಮಡಿಕೆಯ ನಡುವೆ ಸ್ಟೋಮಾ ಎಲ್ಲಿ ಬರುತ್ತದೆ ಅಂತ ಒಂದು ಚಿತ್ರ ಬರೆದು ಕಳಿಸಿ. ಸಾಧ್ಯವಾದರೆ ಬಳಸದ ಒಂದು ಪ್ಲೇಟ್ ಕೂಡ ಕಳಿಸಿ, ತೂತು ಅದಕ್ಕೆ ಕೂಡಿಸಿ ನೋಡುತ್ತಾರೆ.

ಎಲ್ಲಿ ಸಿಗುತ್ತದೆ ಅಂದರೆ, ಚೀಲ ತರಿಸುವ ಡೀಲರ ಹತ್ತಿರವೇ ಮೊದಲು ಕೇಳಿ, ಹೇಳಿದರೆ ತರಿಸಿಕೊಡುತ್ತಾರೆ. ಮುಂಬೈಗೆ ಫಾಲೋಅಪ್‌ಗೆ ಹೋಗುವವರಿದ್ದರೆ ಟಾಟಾ ಮೆಮೋರಿಯಲ್‌ನ ಸ್ಟೋಮಾ ಕ್ಲಿನಿಕ್‌ನಲ್ಲಿ ಅಳತೆ ತೋರಿಸಿಕೊಂಡು ಬರಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿನ ಸರ್ಜರಿ ವಿಭಾಗದಲ್ಲಿ ಹಾಕುವ ಬಗೆ ತೋರಿಸಿ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಚೀಟಿ ಬರೆದು ಮುಂದಿನವರನ್ನು ಕರೆಯುತ್ತಾರೆ, ಅಲ್ಲಿನ ಗದ್ದಲ ನನಗೆ ಗೊತ್ತು.

ಗೋಳಗುಮ್ಮಟ_ಕಾಕಾ:

ಬೆಲ್ಟ್ ಬಂದ ಮ್ಯಾಲೆ ಹಾಕೋದು ನಾ ಹೇಳ್ತೀನಿ ತಂಗಿ. ಹಾಸಿಗಿ ಬಿಟ್ಟು ಏಳೂಕಿಂತ ಮೊದಲೇ ಹಾಕಬೇಕು. ರಾತ್ರೀನೇ ಬೆಲ್ಟ್ ಮಗ್ಗಲಿಗೆ ಇಟ್ಕೊಂಡು ಮಕ್ಕೋರಿ. ಮುಂಜಾನೆ ಎಚ್ಚರ ಆದ ಕೂಡಲೇ ಎದ್ದು ಚಾ ಕುಡದು, ಪೇಪರ್ ಓದಿ, ಆಮ್ಯಾಲೆ ಹಾಕ್ಕೋತೀನಿ ಅಂದ್ರ ಕರುಳು ಆಗಲೇ ಹೊರಗ ಬಂದಿರ್ತದ. ಹೊರಗ ಬಂದ ಕರುಳಿನ ಮ್ಯಾಲೆ ಬೆಲ್ಟ್ ಕಟ್ಟಿದ್ರ ಅದು ಆಸರ ಅಲ್ಲ, ಹಿಂಸಾ.

ಸಂಡಾಸಕ್ಕ ಹೋಗಿ ಬರೋದಿದ್ರ ಹೋಗಿ ಬಂದು, ಮತ್ತ ಅಂಗಾತ ಮಕ್ಕೊಂಡು ಸ್ವಲ್ಪ ಹೊತ್ತು ಬಿಟ್ಟು ಹಾಕ್ರಿ. ಪಟ್ಟಿ ಬೆನ್ನ ಕೆಳಗ ಹಾಸಿ, ಚೀಲ ಖಾಲಿ ಮಾಡಿ ಉದ್ದಕ ಮಡಚಿ ತೂತಿನಿಂದ ಹೊರಗ ಜಗ್ಗಬೇಕು. ಉಂಗುರ ಪೂರಾ ತೂತಿನಾಗ ಕೂತ ಮ್ಯಾಲೆ ಚೀಲದ ಮಡಿಕಿ ಬಿಡಿಸಿ ಸರಿ ಮಾಡಿ, ಕೈ ಅಡ್ಡ ಇಟ್ಟು ಉಬ್ಬು ಒಳಗ ಅದ ಅಂತ ನೋಡಿ, ಆಮ್ಯಾಲೆ ಎರಡೂ ಕಡೆ ಸಮ ಜಗ್ಗಿ ವೆಲ್ಕ್ರೋ ಹಚ್ಚೋದು. ಒಂದೇ ಕಡೆ ಜಗ್ಗಿದ್ರ ತೂತು ಸರದು ಸ್ಟೋಮಾದ ಮಗ್ಗಲು ಒತ್ತತದ.

ಗೋಕಾಕ_ಕರದಂಟು:

ಕಾಕಾರ, ಎಷ್ಟು ಬಿಗಿ ಹೇಳಲೇ ಇಲ್ಲಲ್ಲ. ನಮ್ಮ ಕಡೆ ಒಬ್ಬರು ಬಿಗದಷ್ಟು ಹರ್ನಿಯಾ ಲಗೂ ಒಳಗ ಹೋಗತೈತಿ ಅಂತ ಎತ್ತಿನ ಜತಗಿ ಬಿಗದಂಗ ಬಿಗೀತಾರ.

ಗೋಳಗುಮ್ಮಟ_ಕಾಕಾ:

ನಾ ಬಿಗೀನೇ ಕಟ್ತೀನಪಾ, ಸಡ್ಲ ಇದ್ರ ಬೆಲ್ಟ್ ಹಾಕಿ ಉಪಯೋಗ ಏನು? ಮ್ಯಾಲೆ ಕೆಳಗ ಸರೀತದ.

ಸ್ಟೋಮಾ_ಸಿಸ್ಟರ್_ಬೆಳಗಾವಿ:

ಕಾಕಾರ, ಇಲ್ಲಿ ಮಾತ್ರ ನಿಮ್ಮ ಮಾತಿಗೆ ನನ್ನ ತಕರಾರು ಇದೆ. ಹಾಕಿದ ಮೇಲೆ ಎದ್ದು ನಿಂತು ಹೊಟ್ಟೆ ತುಂಬ ಉಸಿರು ಎಳೆಯಲು ಬರಬೇಕು. ಬೆಲ್ಟಿನ ಒಳಗೆ ಅಂಗೈ ಚಪ್ಪಟೆಯಾಗಿ ತೂರುವಷ್ಟು ಸಡಿಲ ಇರಬೇಕು. ಆಮೇಲೆ ಸ್ಟೋಮಾದ ಬಣ್ಣ ನೋಡಿ. ಒದ್ದೆಯಾಗಿ, ಕೆಂಪಾಗಿ ಇದ್ದರೆ ಸರಿ. ನೀಲಿ, ಕಂದು, ಕಪ್ಪು ಅಥವಾ ತೀರ ಬಿಳಿಚಿಕೊಂಡರೆ ಕೂಡಲೇ ಬಿಚ್ಚಿ, ಬಣ್ಣ ತಿರುಗದಿದ್ದರೆ ಆಸ್ಪತ್ರೆಗೆ ಹೋಗಿ. ಚೀಲ ಪಾರದರ್ಶಕ ಇದ್ದರೆ ನೋಡುವುದು ಸುಲಭ, ಹೊಸ ಬೆಲ್ಟಿನ ಮೊದಲ ವಾರ ಅಂಥದ್ದನ್ನೇ ಹಾಕಿಸಿ.

ಮೊದಲ ದಿನವೇ ಬೆಳಿಗ್ಗೆಯಿಂದ ರಾತ್ರಿ ತನಕ ಬೇಡ. ಎರಡು-ಮೂರು ತಾಸಿನಿಂದ ಶುರು ಮಾಡಿ ಏರಿಸುತ್ತ ಹೋಗಿ. ಬಿಚ್ಚಿದಾಗ ಕೆಂಪು ಗೆರೆ ಇದ್ದು ಸ್ವಲ್ಪ ಹೊತ್ತಿಗೆ ಮಾಯವಾದರೆ ಅಡ್ಡಿಯಿಲ್ಲ. ಬೊಕ್ಕೆ ಎದ್ದರೆ, ಚರ್ಮ ತರಚಿದರೆ ಸೈಜ್ ಸರಿಯಿಲ್ಲ ಅಂತಲೇ ಅರ್ಥ. ಮಲಗುವಾಗ ಬಿಚ್ಚಬೇಕು. ಹೊಟ್ಟೆ ತುಂಬ ಉಂಡ ಮೇಲೆ ಒಂದು ಪಟ್ಟಿ ಸಡಿಲ ಮಾಡಿಕೊಂಡರೆ ಹಾಯ್ ಅನಿಸುತ್ತದೆ.

ಘಟಪ್ರಭಾ_ದಂಡಿ:

ಬೆಲ್ಟ್ ಬಂತ್ರಿ. 7 ಇಂಚಿನದು, ಎಡಗಡೆ ತೂತಿಂದು. ಕಾಕಾರು ಹೇಳಿದಂಗ ಹಾಸಿಗ್ಯಾಗೇ ಹಾಕಿಸಿದ್ವಿ. ನಮ್ಮ ಮನಿಯವರು ಚೀಲ ಜಗ್ಗಿದ್ರು, ನಾನು ಬಾಗಲ ಹೊರಗ ನಿಂತು ಮೊಬೈಲ್‌ನ್ಯಾಗ ಇಲ್ಲಿ ಬರದದ್ದನ್ನ ಓದಿ ಹೇಳಿದೆ. ಎದ್ದು ನಿಂತ ಕೂಡಲೇ ಮಾವಾರು ಹೊಟ್ಟಿ ಮ್ಯಾಲೆ ಕೈ ಇಟ್ಟು ಕೆಮ್ಮಿ ನೋಡಿದ್ರು, ಉಬ್ಬು ಒಳಗೇ ನಿಂತಿತ್ತು. ಮಧ್ಯಾಹ್ನ ತನಕ ಹಾಕ್ಕೊಂಡಿದ್ರು, ಸ್ಟೋಮಾ ಕೆಂಪಗನೇ ಐತಿ.

ಈಗ ಹೊಸ ರಗಳಿ: “ಬೆಲ್ಟ್ ಐತೆಲ್ಲ, ಔಷಧ ಹೊಡಿಯೋ ಪಂಪ್ ನಾನೇ ಹೊರತೀನಿ” ಅಂತಾರ. ತುಂಬಿದ ಪಂಪ್, 16 ಲೀಟರಿನದು. ಏನ್ ಹೇಳೂದ್ರಿ ಅವರಿಗೆ?

ವಿಜಯಪುರ_ಸರ್ಜನ್:

ಖಂಡಿತ ಬೇಡ. ನೀರೇ 16 ಕೆ.ಜಿ., ಪಂಪಿನ ತೂಕ ಬೇರೆ. ಮೇಲಿಂದ ಸೊಂಟಕ್ಕೆ ಬಿಗಿಯುವ ಪಟ್ಟಿ ಬೆಲ್ಟಿನ ಮೇಲೇ ಬರುತ್ತದೆ. ಬೆಲ್ಟ್ ಭಾರ ಎತ್ತಲು ಕೊಟ್ಟ ಪರವಾನಗಿ ಅಲ್ಲ. ಜೋಳದ ಚೀಲ, ತುಂಬಿದ ಕೊಡ, ಕಬ್ಬಿನ ಹೊರೆ, ಎಲ್ಲಕ್ಕೂ ಇದೇ ಮಾತು.

ಈ ಹರ್ನಿಯಾ ಅಪರೂಪದ್ದಲ್ಲ, ಯಾರೂ ತಮ್ಮ ತಪ್ಪಿನಿಂದ ಬಂತು ಅಂದುಕೊಳ್ಳಬೇಡಿ. ಯುರೋಪಿನ ಹರ್ನಿಯಾ ಸಂಘದ ಮಾರ್ಗಸೂಚಿಯಲ್ಲಿ (2018ರಲ್ಲಿ ಪ್ರಕಟವಾದದ್ದು) ಕೊಲಾಸ್ಟಮಿ ಆದವರಲ್ಲಿ ಒಂದು ವರ್ಷದೊಳಗೆ ಶೇ. 30ಕ್ಕಿಂತ ಹೆಚ್ಚು, ಎರಡು ವರ್ಷಕ್ಕೆ ಶೇ. 40, ಇನ್ನೂ ಮುಂದೆ ಹೋದರೆ ಶೇ. 50 ಅಥವಾ ಅದಕ್ಕೂ ಹೆಚ್ಚು ಮಂದಿಗೆ ಬರುತ್ತದೆ ಅಂತ ಅಂದಾಜು ಇದೆ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಬರೀ ಹೊಲಿಗೆ ಹಾಕಿ ಮುಚ್ಚಿದರೆ ಮತ್ತೆ ಬರುವುದು ಜಾಸ್ತಿ, ಅದಕ್ಕೆ ಈಗ ಬಲೆಯಂಥ ಜಾಲಿ (ಮೆಶ್) ಹಾಕಿ ಮಾಡುತ್ತೇವೆ, ಆದರೂ ಮತ್ತೆ ಬರುವುದಿಲ್ಲ ಅಂತ ಮಾತು ಕೊಡಲಾಗದು. ಆದ್ದರಿಂದ ತೊಂದರೆ ಕಡಿಮೆ ಇರುವವರಿಗೆ ಬೆಲ್ಟ್ ಹಾಕಿ ನೋಡೋಣ ಅನ್ನುತ್ತೇವೆ.

ಕೆಲವರು ಹರ್ನಿಯಾ ಇಲ್ಲದಾಗಲೇ, ಬರಬಾರದು ಅಂತ ಬೆಲ್ಟ್ ಹಾಕುತ್ತಾರೆ. ಆಪರೇಷನ್ ಆದ ಮೇಲಿನ ತಿಂಗಳುಗಳಲ್ಲಿ ಹಗುರ ಆಸರೆಯ ಚಡ್ಡಿ, ಪಟ್ಟಿ ಹಾಕುವುದು ತಪ್ಪಲ್ಲ, ಆದರೆ ಅದರಿಂದ ಹರ್ನಿಯಾ ತಪ್ಪೇ ತಪ್ಪುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಬೆಲ್ಟ್ ಮಾರುವವರು ಹಾಗಂದರೆ ನಂಬಬೇಡಿ.

ಒಂದು ಎಚ್ಚರಿಕೆ ಎಲ್ಲರಿಗೂ. ಉಬ್ಬು ಗಟ್ಟಿಯಾಗಿ, ಮಲಗಿದರೂ ಒಳಗೆ ಹೋಗದೆ, ಜೋರು ನೋವು, ವಾಂತಿ, ಚೀಲಕ್ಕೆ ಮಲವೂ ಗಾಳಿಯೂ ಬಾರದಿದ್ದರೆ, ಅಥವಾ ಸ್ಟೋಮಾ ಕಪ್ಪಾದರೆ, ಬೆಲ್ಟ್ ಬಿಚ್ಚಿ, ಏನೂ ತಿನ್ನಿಸದೆ, ಆ ಕ್ಷಣವೇ ಆಸ್ಪತ್ರೆಗೆ ಬನ್ನಿ. ಬೆಳಗಾಗಲಿ, ಬಸ್ ಬರಲಿ ಅಂತ ಕಾಯಬೇಡಿ. ಕೈಯಿಂದ ಒತ್ತಿ ಒಳಗೆ ತಳ್ಳುವ ಸಾಹಸವೂ ಬೇಡ.

ಘಟಪ್ರಭಾ_ದಂಡಿ:

ಡಾಕ್ಟರ್ ಬರದದ್ದನ್ನ ಹಂಗೇ ಓದಿ ಹೇಳಿದ್ವಿ. ಪಂಪ್ ಮೈದುನನ ಹೆಗಲಿಗೆ ಹೋತು. ಮಾವಾರಿಗೆ ಮೋಟರ್ ಚಾಲೂ ಮಾಡೋದು, ನೀರು ತಿರುಗಿಸೋರ ಮ್ಯಾಲೆ ಒದರೋದು ಅಷ್ಟೇ ಉಳದೈತಿ, ಎರಡನೇದು ಅವರಿಗೆ ಭಾಳ ಇಷ್ಟ.

ಬ್ಯಾಸಿಗಿ ಬರಾಕತ್ತೈತಿ. ಬೆಲ್ಟ್ ಒಳಗ ಬೆವರು ಹೆಂಗ ತಡಕೊಳ್ಳೂದ್ರಿ?

ಗೋಳಗುಮ್ಮಟ_ಕಾಕಾ:

ಏಪ್ರಿಲ್-ಮೇನಾಗ ನಮ್ಮ ವಿಜಾಪುರದಾಗ 40 ಡಿಗ್ರಿ ದಾಟತದ, ನನ್ನ ಕೇಳು. ಮೊದಲನೇದು, ಎರಡು ಬೆಲ್ಟ್ ಇರಬೇಕು. ಒಂದು ಮೈ ಮ್ಯಾಲೆ, ಒಂದು ಹಗ್ಗದ ಮ್ಯಾಲೆ. ಎರಡನೇದು, ತೆಳು ಅರಿವಿ ಬನಿಯನ್ನಿಗೆ ಸ್ಟೋಮಾ ಜಾಗದಾಗ ದುಂಡಗ ಕತ್ತರಿಸಿ ಅಂಚು ಹೊಲಿಸಿ, ಅದರ ಮ್ಯಾಲೆ ಬೆಲ್ಟ್ ಹಾಕೋದು. ಬೆವರು ಬನಿಯನ್ ಕುಡೀತದ, ಬೆಲ್ಟ್ ಜಾರಂಗಿಲ್ಲ, ಮೈ ತುರಸಂಗಿಲ್ಲ. ಪೌಡರ್ ಉದುರಿಸೋರು ಅದಾರ, ಪ್ಲೇಟಿನ ಹತ್ರ ಪೌಡರ್ ಹೋದ್ರ ಅಂಟು ಬಿಡ್ತದ, ನೋಡ್ಕೋರಿ. ಉರಿಬಿಸಲಿನಾಗ ಹನ್ನೆರಡರಿಂದ ನಾಕರ ತನಕ ನಾನಂತೂ ಬಿಚ್ಚಿಟ್ಟು ಮಕ್ಕೊಂಡಿರ್ತೀನಿ.

ಗೋಕಾಕ_ಕರದಂಟು:

ಇಲಿಯಾಸ್ಟಮಿಯವರಿಗೆ ಬೆವರಿನ ಜತಿ ಇನ್ನೊಂದು ಕಾಟ. ಚೀಲಕ್ಕ ನೀರು ಹೋಗೋದು ಮೊದಲೇ ಜಾಸ್ತಿ, ಬ್ಯಾಸಿಗ್ಯಾಗ ಮೈಯಾಗಿನ ಉಪ್ಪೂ ಹೋಗತೈತಿ. ಬರೇ ನೀರು ಕುಡದ್ರ ಸಾಲಂಗಿಲ್ಲ, ಓಆರ್‌ಎಸ್ ಇಟ್ಕೋರಿ. ಬೆಲ್ಟ್ ತೊಳಿಯೋದು: ಉಗುರುಬೆಚ್ಚನ ನೀರಾಗ ಸೋಪ್ ಕದಡಿ ಕೈಲೇ ಹಿಚುಕಿ, ವೆಲ್ಕ್ರೋ ಮುಚ್ಚಿ ತೊಳೀಬೇಕು, ಇಲ್ಲಂದ್ರ ನೂಲು, ಕೂದಲಾ ಎಲ್ಲಾ ಅದಕ್ಕ ಹತ್ತಿ ಹಿಡಿತ ಹೋಗತೈತಿ. ಹಿಂಡಬ್ಯಾಡ್ರಿ, ಬಿಸಲಿಗೆ ಹಾಕಬ್ಯಾಡ್ರಿ. ಕಲ್ಲಿಗೆ ಒಗಿಯೋರ ಕೈಗೆ ಅಂತೂ ಕೊಡಲೇಬ್ಯಾಡ್ರಿ.

ಇಳಕಲ್_ಸೀರಿ:

ಅಕ್ಕಾರ, ಅಣ್ಣಾರ, ನಡುವ ಬಾಯಿ ಹಾಕ್ತೀನಿ. ಎಲ್ಲಾರೂ ಗಂಡಸರ ಬೆಲ್ಟಿಂದೇ ಮಾತಾಡಾಕತ್ತೀರಿ, ನಮ್ಮದು ಯಾರು ಕೇಳೋರು? ನನಗ ಬಲಗಡೆ ಇಲಿಯಾಸ್ಟಮಿ, ಹರ್ನಿಯಾ ಸಣ್ಣದು ಐತಿ. ನಾನು ಮಗ್ಗದಾಗ ಕುಂಡ್ರಾಕಿ. ಕುಣಿ ಮಗ್ಗದಾಗ ಕುಂತ್ರ ನೇದ ಬಟ್ಟಿ ಸುತ್ತೋ ಮರ ಹೊಟ್ಟಿ ಮುಂದೇ ಬರತೈತಿ, ಬಗ್ಗಿದಾಗೆಲ್ಲ ಚೀಲಕ್ಕ ಹತ್ತತೈತಿ. ಮ್ಯಾಲಿಂದ ಲಂಗದ ಲಾಡಿ ಸ್ಟೋಮಾ ಮ್ಯಾಲೇ ಬರತೈತಿ. ಲಾಡಿ ಸಡ್ಲ ಕಟ್ಟಿದ್ರ ಸೀರಿ ನಿಲ್ಲಂಗಿಲ್ಲ, ಬಿಗಿ ಕಟ್ಟಿದ್ರ ಚೀಲ ಅರ್ಧಕ್ಕ ಮುರದಂಗ ಆಗಿ ತುಂಬಿ ಸೋರತೈತಿ. ಬೆಲ್ಟ್ ಹಾಕ್ಕೊಂಡ ಮ್ಯಾಲೆ ಲಾಡಿ ಎಲ್ಲಿ ಕಟ್ಟಬೇಕು?

ಸ್ಟೋಮಾ_ಸಿಸ್ಟರ್_ಬೆಳಗಾವಿ:

ಅವ್ವಾ, ಇದನ್ನು ಕೇಳಿದ್ದು ಒಳ್ಳೆಯದಾಯ್ತು. ವಾರ್ಡಿನಲ್ಲಿ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಕೇಳುವುದೇ ಇಲ್ಲ, ನೈಟಿ ಹಾಕಿಕೊಂಡು ಮನೆಯಲ್ಲೇ ಉಳಿದುಬಿಡುತ್ತಾರೆ.

ಲಾಡಿ ಬೆಲ್ಟಿನ ಮೇಲೆ ಬರಲಿ, ಸ್ಟೋಮಾ ಮಟ್ಟಕ್ಕೆ ಮಾತ್ರ ಬರಬಾರದು. ಅದಕ್ಕಿಂತ ಮೇಲೆ, ಪಕ್ಕೆಲುಬಿನ ಕೆಳಗೆ ಕಟ್ಟಿ, ಲಂಗದ ಉದ್ದ ಅಷ್ಟು ಹೆಚ್ಚಿಸಿ ಹೊಲಿಸಿಕೊಳ್ಳಿ. ಚೀಲ ಲಂಗದ ಒಳಗೇ ನೇರ ಕೆಳಗೆ ಇಳಿಯಲಿ. ಸಣ್ಣ ಹರ್ನಿಯಾ ಇದ್ದರೆ 9 ಇಂಚು, 8 ಇಂಚು ಎಲ್ಲ ಬೇಡ, ನಾಲ್ಕು ಇಂಚಿನದೇ ಸಾಕಾಗಬಹುದು, ಉಬ್ಬು ಅಳೆದು ನೋಡಿ. ಇಲಿಯಾಸ್ಟಮಿಯ ಮಲ ನೀರಾಗಿರುವುದರಿಂದ ಚೀಲ ಬೇಗ ತುಂಬುತ್ತದೆ, ಮೂರರಲ್ಲಿ ಒಂದು ಪಾಲು ತುಂಬಿದ ಕೂಡಲೇ ಖಾಲಿ ಮಾಡಿ. ತುಂಬಿದ ಚೀಲದ ಭಾರ ತೂತಿನ ಅಂಚಿಗೆ ಜೋತುಬೀಳುತ್ತದೆ.

ಮಗ್ಗದ ಮಾತು ಅಂದರೆ, ಕೂಡುವ ಜಾಗಕ್ಕೆ ದಪ್ಪ ಹಾಸು ಹಾಕಿ ಸ್ವಲ್ಪ ಎತ್ತರ ಮಾಡಿ ನೋಡಿ, ಮರ ಚೀಲಕ್ಕಿಂತ ಕೆಳಗೆ ಬಂದರೆ ಅರ್ಧ ಕಾಟ ಹೋಗುತ್ತದೆ. ಒಂದು ತಾಸಿಗೊಮ್ಮೆ ಕುಣಿಯಿಂದ ಎದ್ದು ಮೈ ನೆಟ್ಟಗೆ ಮಾಡಿ. ಏಳುವಾಗ ಎರಡೂ ಕೈ ಊರಿ, ಹೊಟ್ಟೆ ಬಿಗಿಯದೆ ಏಳಿ. ಬೆಳಿಗ್ಗೆ ಹಾಸಿಗೆಯಿಂದಲೂ ಮಗ್ಗುಲಿಗೆ ಹೊರಳಿ ಕೈ ಊರಿಯೇ ಏಳಬೇಕು, ನೆಟ್ಟಗೆ ಎದ್ದು ಕೂಡಬಾರದು. ಇದು ಎಲ್ಲರಿಗೂ.

ಟೇಪು_ಕತ್ತರಿ:

ಇಳಕಲ್ ಅಕ್ಕಾರ, ಲಾಡಿನೇ ಬ್ಯಾಡ. ಲಂಗಕ್ಕ ನಾಲ್ಕು ಬೆರಳಗಲದ ಅರಿವಿ ಪಟ್ಟಿ ಕೊಟ್ಟು, ಕೊಕ್ಕಿ ಹಚ್ಚಿ ಹೊಲಿತೀನಿ. ಅಗಲ ಪಟ್ಟಿ ಆದ್ರ ಒಂದೇ ಕಡೆ ಕೊರಿಯಂಗಿಲ್ಲ, ಸೀರಿ ನಿರಿಗಿನೂ ಗಟ್ಟಿ ಕೂಡತಾವ.

ಇಳಕಲ್_ಸೀರಿ:

ಕೊಕ್ಕಿ ಯಾವ ಕಡೆ ಬರತಾವ ಅಣ್ಣಾರ? ಬಲಗಡೆ ಬಂದ್ರ ಚೀಲಕ್ಕ ಚುಚ್ಚತಾವ.

ಟೇಪು_ಕತ್ತರಿ:

ಎಡಗಡೆ ಇಡ್ತೀನ್ರಿ, ಬೆಲ್ಟಿನ ವೆಲ್ಕ್ರೋನೂ ಅದೇ ಕಡೆ ಬರೋದ್ರಿಂದ ಅದರ ಮ್ಯಾಲೆ ಕೂಡದಂಗ ಎರಡು ಬೆರಳು ಹಿಂದಕ್ಕ ಸರಿಸ್ತೀನಿ. ಒಂದು ಹಳೇ ಲಂಗ ಅಳತಿಗೆ ಕಳಸ್ರಿ, ಬೆಲ್ಟ್ ಹಾಕ್ಕೊಂಡಾಗಿನ ಸುತ್ತಳತಿ ಚೀಟ್ಯಾಗ ಬರದು ಅದಕ್ಕ ಪಿನ್ ಮಾಡ್ರಿ.